ನಮ್ಮೂರ ಫಲಕಗಳ ಓರೆ ಅಕ್ಷರಗಳು

2014ರ ನವೆಂಬರ್ 1ರಂದು ನಮ್ಮೂರಿನ ಅಧಿಕೃತ ಹೆಸರು ವಿಜಯಪುರವೆಂದಾಯಿತು. ಬಿಜಾಪುರ, ವಿಜಾಪುರ ಎಂದಿದ್ದ ಫಲಕಗಳನ್ನು ಹೊಸದಾಗಿ ಬರೆಸುವ ಕಾರ್ಯ ಎಲ್ಲೆಡೆ ನಡೆಯಿತು. ಆಗ ನಾನಿನ್ನೂ ಸೇವೆಯಲ್ಲಿದ್ದೆ. ಸಂಜೆ ಗಾಂಧಿ ಚೌಕದ ಸುತ್ತ ನಡೆಯುತ್ತ ಫಲಕಗಳ ಅಕ್ಷರಗಳನ್ನು ಗಮನಿಸುವ ಚಟ ನನಗೆ ಅಂಟಿದ್ದು ಆಗಲೇ. ಅವುಗಳಲ್ಲಿ ಒಂದು ಬಗೆ ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು: ದಪ್ಪನಾದ, ಒಂದೇ ಸಮನಾದ ಗೆರೆಯ, ಬಲಕ್ಕೆ ವಾಲಿದ ಅಕ್ಷರ. ಮುದ್ರಣದವರು ಇದನ್ನು ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ಎನ್ನುತ್ತಾರೆ. ಇದು ಕನ್ನಡಕ್ಕೆ ಎಲ್ಲಿಂದ ಬಂದಿತು ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಇಟಾಲಿಕ್ ಎಂಬುದು ಹೆಸರೇ ಹೇಳುವಂತೆ ಇಟಲಿಯ ಕೊಡುಗೆ. ವೆನಿಸ್ ನಗರದ ಆಲ್ಡಸ್ ಮನುಟಿಯಸ್ ಎಂಬ ಪ್ರಕಾಶಕನು 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಇಡಿಯಾಗಿ ಈ ಅಕ್ಷರದಲ್ಲಿ ಮುದ್ರಿಸಿದನು. ಅದರ ಅಚ್ಚನ್ನು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರ ಕೈಬರಹವೇ ಅದಕ್ಕೆ ಮಾದರಿ. ಅಂದರೆ ನೆಟ್ಟಗಿದ್ದ ಅಕ್ಷರವನ್ನು ಸುಮ್ಮನೆ ವಾಲಿಸಿದ್ದಲ್ಲ, ಬೇರೆಯೇ ಆಗಿ ರೂಪಿಸಿದ್ದು. ಇನ್ನು ಸ್ಯಾನ್ಸ್ ಸೆರಿಫ್ ಎಂದರೆ ರೋಮನ್ ಅಕ್ಷರದ ತುದಿಗಳಲ್ಲಿರುವ ಸಣ್ಣ ಗೆರೆಗಳನ್ನು ಬಿಟ್ಟ ರೂಪ. ಇಂಗ್ಲೆಂಡಿನಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಇದನ್ನು ಅಚ್ಚುಮೊಳೆಯಾಗಿ ತಂದನು.

ನಮ್ಮ ಲಿಪಿಯ ದಾರಿಯೇ ಬೇರೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಗೆರೆಯಲ್ಲಿ ದಪ್ಪ-ತೆಳುವಿನ ಭೇದ ಕಡಿಮೆ. ಆದ್ದರಿಂದ ಒಂದೇ ಸಮನಾದ ಗೆರೆ ನಮಗೆ ಹೊಸದಲ್ಲ. ಹೊಸದು ಎಂದರೆ ಓರೆ.

ಈ ಊರಿನಲ್ಲಿ ಅಚ್ಚಿನ ಮಾತು ಬಂದಾಗ ಫ.ಗು. ಹಳಕಟ್ಟಿಯವರನ್ನು ನೆನೆಯದಿರುವುದು ಹೇಗೆ? ವಕೀಲರಾಗಿದ್ದ ಅವರು 1925ರಲ್ಲಿ ಇಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ವಚನಗಳು ಜನರ ಕೈಸೇರಿದ್ದು ಒಂದೊಂದೇ ಮೊಳೆ ಜೋಡಿಸಿದ ಅಂತಹ ದುಡಿಮೆಯಿಂದ. ಬಾಲ್ಯದಲ್ಲಿ ನಾನು ಕಂಡ ಕೈಜೋಡಣೆಯ ಅಚ್ಚುಕೂಟಗಳಲ್ಲಿ ಕನ್ನಡದ ಓರೆ ಮೊಳೆ ಇರಲಿಲ್ಲ. ಒಂದು ಮಾತಿಗೆ ಒತ್ತು ಕೊಡಬೇಕಾದರೆ ದೊಡ್ಡ ಅಥವಾ ದಪ್ಪ ಮೊಳೆಯನ್ನೇ ಬಳಸುತ್ತಿದ್ದರು.

ಓರೆ ಅಕ್ಷರವನ್ನು ನಾನು ಮೊದಲು ಕಂಡದ್ದು ಪೇಂಟರನ ಕುಂಚದಲ್ಲಿ. ನನ್ನ ಶಿಷ್ಯನೊಬ್ಬ ಈ ಕಸುಬು ಹಿಡಿದು ತಿಕೋಟಾ, ಬಬಲೇಶ್ವರಗಳ ಅಂಗಡಿ, ಟ್ರ್ಯಾಕ್ಟರುಗಳಿಗೆ ಹೆಸರು ಬರೆಯುತ್ತಿದ್ದ. ಒಮ್ಮೆ ಅವನು ಹೇಳಿದ ಮಾತು ಮರೆತಿಲ್ಲ: “ಅಕ್ಷರ ಓಡಬೇಕ್ರೀ ಸರ್, ಬೀಳಬಾರದು.” ‘ತಿಕೋಟಾ’ ಬರೆಯುವುದು ಸುಲಭವಂತೆ, ಅದರಲ್ಲಿ ಒತ್ತಕ್ಷರವಿಲ್ಲ. ‘ಬಬಲೇಶ್ವರ’ದಲ್ಲಿ ಶಕಾರದ ಕೆಳಗೆ ವಕಾರದ ಒತ್ತು ಇದೆ. ಇಡೀ ಹೆಸರನ್ನು ವಾಲಿಸಿದರೆ ತಲೆಕಟ್ಟು ಬಲಕ್ಕೂ ಒತ್ತು ಎಡಕ್ಕೂ ಸರಿಯುತ್ತದೆ. ಅದಕ್ಕಾಗಿ ಅವನು ಒತ್ತನ್ನು ತುಸು ಬಲಕ್ಕೆ ಎಳೆದು ಬರೆಯುತ್ತಿದ್ದ. ಗ್ರಿಫೊ ಮಾಡಿದ್ದೂ ಇದೇ ಜಾತಿಯ ಕೆಲಸವಲ್ಲವೇ?

ಮುಂದೆ ಗಣಕಯಂತ್ರ ಬಂದಿತು. 1998ರ ‘ಬರಹ’, ಅನಂತರದ ‘ನುಡಿ’ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವಾದರೂ ವಾಲುತ್ತದೆ, ಇನ್ನೊಂದು ಒತ್ತಿದರೆ ಉಬ್ಬುತ್ತದೆ. ಯಂತ್ರಕ್ಕೆ ಒತ್ತಕ್ಷರದ ಮೇಲೆ ಕರುಣೆಯಿಲ್ಲ. ಫ್ಲೆಕ್ಸ್ ಅಗ್ಗವಾಯಿತು, ನನ್ನ ಶಿಷ್ಯನ ಕುಂಚ ಒಣಗಿತು.

ನಿವೃತ್ತಿಗೆ ಕೆಲವು ವರ್ಷ ಮೊದಲು ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ ಭಾರೀ ಫ್ಲೆಕ್ಸ್, ಅದರಲ್ಲಿ ಅತಿ ದಪ್ಪನಾದ ಓರೆ ಅಕ್ಷರಗಳು. ‘ವಿದ್ಯಾಧನವೇ ಶ್ರೇಷ್ಠ ಧನ’ ಎಂದು ಬರೆಸಿದ್ದರು. ಆದರೆ ಉಬ್ಬಿದ ಗೆರೆಯಲ್ಲಿ ಧಕಾರದ ಹೊಟ್ಟೆಯ ಸೀಳು ಮುಚ್ಚಿಹೋಗಿ, ಮಕ್ಕಳು ‘ವಿದ್ಯಾದನವೇ ಶ್ರೇಷ್ಠ ದನ’ ಎಂದು ಓದಿ ನಕ್ಕರು. ನಾನೂ ನಕ್ಕೆ, ಮನೆಗೆ ಬಂದ ಮೇಲೆ ಮಾತ್ರ ಖೇದವಾಯಿತು. ಮೂವತ್ತು ವರ್ಷ “ಹೊಟ್ಟೆ ಸೀಳಿರೋ” ಎಂದು ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕಲಿಸಿದವನು ನಾನು. ಪುಸ್ತಕ ತೆರೆಯದ ಮಗುವೂ ದಿನನಿತ್ಯ ಓದುವ ಪಾಠ ಬೀದಿಯ ಫಲಕ. ಅದೇ ಆ ಭೇದವನ್ನು ಅಳಿಸಿದರೆ ನಮ್ಮ ಪಾಠ ಎಲ್ಲಿ ನಿಲ್ಲಬೇಕು?

ಅಕ್ಷರವನ್ನು ಗೌರವಿಸುವುದು ಈ ಊರಿಗೆ ಹೊಸತಲ್ಲ. ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ ಅರಬ್ಬಿ ಲಿಪಿ ಶಿಲ್ಪವಾಗಿ ನಿಂತಿದೆ. ಅಲ್ಲಿನ ಕಿಟಕಿಗಳ ಜಾಲರಿಯೂ ಕಲ್ಲಿನಲ್ಲಿ ಕೊರೆದ ಅಕ್ಷರಗಳೇ. ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಅಕ್ಷರದಷ್ಟೇ ಅದರೊಳಗಿನ ಬಯಲೂ ಮುಖ್ಯವೆಂಬುದನ್ನು ಆ ಶಿಲ್ಪಿಗಳು ಅರಿತಿದ್ದರು.

ಹೊಸ ಕಾಲದಲ್ಲಿ ಆಶೆಗೆ ಕಾರಣವೂ ಇದೆ. ಎಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’, 2022ರ ‘ಅನೇಕ್ ಕನ್ನಡ’ ಎಂಬ ಉಚಿತ ಅಕ್ಷರಮಾದರಿಗಳಲ್ಲಿ ದಪ್ಪ ರೂಪವನ್ನು ಕನ್ನಡಕ್ಕೆಂದೇ ತಿದ್ದಿದ್ದಾರೆ. ಓರೆಗೂ ಇಂತಹ ಶ್ರಮ ಬೇಕು. ಅಲ್ಲಿಯವರೆಗೆ ನೆಟ್ಟಗಿನ ಅಕ್ಷರವೇ ಲೇಸು. 2024ರ ತಿದ್ದುಪಡಿ ಕಾಯಿದೆಯು ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿದೆ. ಸ್ಥಳವನ್ನು ಕಾಯಿದೆ ಕೊಟ್ಟೀತು. ಧಕಾರದ ಸೀಳನ್ನು ಬರೆಸುವವರೇ ಕಾಯಬೇಕು.

ಓದುಗ ಮಿತ್ರರೇ, ಮುಂದಿನ ಸಲ ಫಲಕ ಬರೆಸುವಾಗ ಹಣ ಕೊಡುವ ಮುನ್ನ ಇಪ್ಪತ್ತು ಹೆಜ್ಜೆ ದೂರ ನಿಂತು ಒಮ್ಮೆ ಓದಿ ನೋಡಿ. ಪಕ್ಕದಲ್ಲಿ ಒಂದು ಮಗುವಿದ್ದರೆ ಅದರಿಂದಲೇ ಓದಿಸಿ.