ಮನಿಯಾರ್ಡರಿನ ರಸೀದಿ, ಭೇಟಿಯ ಪುಸ್ತಕ

ಮುಂಬಯಿಯಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಹಳೆಯ ತಗಡಿನ ಪೆಟ್ಟಿಗೆಯೊಂದು ಇರುವುದುಂಟು. ನಮ್ಮಲ್ಲಿಯೂ ಒಂದಿದೆ. ಅದರ ತಳದಲ್ಲಿ ದಾರ ಸುತ್ತಿ ಇಟ್ಟಿದ್ದ ಮನಿಯಾರ್ಡರಿನ ರಸೀದಿಗಳ ಕಟ್ಟು ನಮಗೆ ದೊರೆಯಿತು. ನಮ್ಮ ತಂದೆಯವರು ಹಗಲು ಫೋರ್ಟ್ ಭಾಗದ ಹೋಟೆಲೊಂದರಲ್ಲಿ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಕಲಿತು, ತಿಂಗಳು ತಪ್ಪದೆ ಊರಿನ ಅಜ್ಜಿಗೆ ಕಳುಹಿಸುತ್ತಿದ್ದ ಹಣ ಮುಟ್ಟಿತೆಂಬುದಕ್ಕೆ ಅಂಚೆಯವನು ಹಿಂದಕ್ಕೆ ತಂದುಕೊಟ್ಟ ಚೀಟಿಗಳವು. ಮೊದಲಿನ ಚೀಟಿಗಳಲ್ಲಿ ಅಜ್ಜಿಯ ಸಹಿ ದುಂಡಗೆ, ಬಿಡಿಬಿಡಿಯಾಗಿ ಇದೆ. ಕೆಲವು ವರ್ಷಗಳ ತರುವಾಯ ಅಕ್ಷರಗಳು ಸಾಲು ತಪ್ಪುತ್ತವೆ. ಒಂದು ತಿಂಗಳು ಸಹಿಯ ಬದಲು ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಯಾರೋ ಸಾಕ್ಷಿ ಹಾಕಿದ ಹೆಸರು. ಆ ಚೀಟಿ ಕೈಗೆ ಬಂದ ದಿನವೇ ತಂದೆಯವರು ಮಾಲಿಕರಲ್ಲಿ ರಜೆ ಕೇಳಿ ಊರಿಗೆ ಹೊರಟರೆಂದು ನಮ್ಮ ತಾಯಿ ಹೇಳುತ್ತಿದ್ದರು. ಅವರನ್ನು ಕರೆದವರಿಲ್ಲ, ತಂತಿ ಬಂದುದಿಲ್ಲ. ಆ ಗುರುತೇ ಸಾಕಾಯಿತು.

ದೂರದಲ್ಲಿರುವ ಹಿರಿಯರನ್ನು ನಾವು ಹೇಗೆ ನೋಡಿಕೊಂಡು ಬಂದೆವೆಂಬ ಇತಿಹಾಸವನ್ನು ಈ ಚೀಟಿಯಿಂದಲೇ ಆರಂಭಿಸುವುದು ಸರಿಯೆಂದು ತೋರುತ್ತದೆ. ಹಿಂದೂಸ್ಥಾನದ ಅಂಚೆ ಇಲಾಖೆ ಕಾಲಾಣೆಯ ಕಾರ್ಡನ್ನು ಹೊರತಂದದ್ದು 1879ರಲ್ಲಿ. ಮನಿಯಾರ್ಡರಿನ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡದ್ದು ಮರುವರ್ಷ, 1880ರಲ್ಲಿ. ಊರು ಬಿಟ್ಟು ಪಟ್ಟಣ ಸೇರಿದವರಿಗೆ ಇವೆರಡೂ ಸೇರಿ ಹೊಕ್ಕುಳ ಬಳ್ಳಿಯಾದವು. ಮನಿಯಾರ್ಡರು ಬರಿಯ ಹಣದ ವ್ಯವಹಾರವಾಗಿರಲಿಲ್ಲ. ಫಾರಮಿನ ಕೂಪನ್ನಿನಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ ಎಡೆಯಿತ್ತು. ಓದು ಬಾರದ ಅಜ್ಜಿಗೆ ಅಂಚೆಯವನೇ ಜಗಲಿಯಲ್ಲಿ ಕುಳಿತು ಓದಿ ಹೇಳುತ್ತಿದ್ದನು. ಹಣ ಆಕೆಯ ಕೈಗೇ ಹೋಗಬೇಕು. ಆಕೆಯ ಕೈಯ ಗುರುತೇ ಮರಳಿ ಬರಬೇಕು. ತಿಂಗಳಿಗೊಮ್ಮೆ ಹೊರಗಿನ ಮನುಷ್ಯನೊಬ್ಬನು ಆ ಮುದುಕಿಯನ್ನು ಕಣ್ಣಾರೆ ಕಂಡು ಬರುತ್ತಿದ್ದನೆಂಬುದು ಸಣ್ಣ ಮಾತಲ್ಲ. 1950ರಲ್ಲಿ ಇನ್‌ಲ್ಯಾಂಡ್ ಕಾಗದ ಬಂತು. ಎಂಬತ್ತರ ದಶಕದಿಂದೀಚೆಗೆ ಬೀದಿಬೀದಿಗಳಲ್ಲಿ ಎಸ್.ಟಿ.ಡಿ. ಬೂತುಗಳು ಬಂದವು, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದು ಮಂಗಳೂರು ಒಂದು ರಾತ್ರಿಯ ದಾರಿಯಾಯಿತು, 2013ರ ಜುಲೈಯಲ್ಲಿ ತಂತಿ ನಿಂತುಹೋಯಿತು. ದಾರಿ ಹತ್ತಿರವಾಗುತ್ತ ಬಂದಂತೆ ನಾವೂ ಹೆಚ್ಚು ಸಲ ಹೋದೆವೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಅಜ್ಜಿ ಇದ್ದದ್ದಾದರೂ ಮನೆಯಲ್ಲಿ. ಇಂದು ನಮ್ಮಲ್ಲಿ ಅನೇಕರ ಹಿರಿಯರು ಇರುವುದು ಆಶ್ರಮಗಳಲ್ಲಿ. ಈ ನಡುವೆ ಏನಾಯಿತು? ‘ಕಾಲ ಕೆಟ್ಟಿತು’ ಎಂದು ಹೇಳಿ ಕೈತೊಳೆದುಕೊಳ್ಳುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಆದುದಕ್ಕೆ ಕಾರಣಗಳಿವೆ, ತಾರೀಖುಗಳಿವೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳನ್ನೇ ನೋಡಬಹುದು. ಅಲ್ಲಿ ವಿಧವೆಯಾದವಳು, ಮಕ್ಕಳಿಲ್ಲದವಳು, ಯಾರ ಹಂಗೂ ಇಲ್ಲದೆ ತಾಯಿಯ ಕಡೆಯ ಕುಟುಂಬದ ಮನೆಯಲ್ಲಿ ಹಕ್ಕಿನಿಂದ ಇರಬಹುದಾಗಿತ್ತು. 1949ರ ಮದರಾಸು ಅಳಿಯಸಂತಾನ ಶಾಸನವು ಕವರುಗಳಿಗೆ ಪಾಲು ಕೇಳುವ ಅಧಿಕಾರ ಕೊಟ್ಟಿತು. 1974ರ ಭೂಸುಧಾರಣೆ ಗೇಣಿ ಬರುತ್ತಿದ್ದ ಗದ್ದೆಗಳನ್ನು ಉಳುವವರಿಗೆ ಕೊಟ್ಟಿತು. ಎರಡೂ ನ್ಯಾಯವಾದುವೇ, ಅದರಲ್ಲಿಯೂ ಎರಡನೆಯದನ್ನು ದೂರುವ ಬಾಯಿ ನಮ್ಮದಲ್ಲ. ಆದರೆ ಗೇಣಿಯ ಅಕ್ಕಿಯನ್ನು ನಂಬಿದ್ದ ದೊಡ್ಡ ಮನೆಗಳು ಬರಿದಾದುವು, ಪಾಲಾದುವು, ಹಲವು ಮಾರಾಟವಾದುವು. ಬಲವುಳ್ಳವರು ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋದರು. ಉಳಿದವರು ಮುದುಕರು.

ಆಶ್ರಮಗಳ ಚರಿತ್ರೆ ಬೇರೆಯೇ ದಾರಿಯಲ್ಲಿ ಬಂದಿದೆ. 1839ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆಯಿಂದ ಹುಟ್ಟಿದ ‘ಬಡವರ ಪುಟ್ಟ ಸೋದರಿಯರು’ ಎಂಬ ಸಂಘ 1882ರಲ್ಲಿ ಕಲಕತ್ತೆಗೆ ಬಂತು. ಮುಂದೆ ಬೆಂಗಳೂರಿಗೂ ಬಂತು. ಇಂಥ ಮನೆಗಳು ದಿಕ್ಕಿಲ್ಲದವರಿಗಾಗಿ ಇದ್ದುವು. ದಿಕ್ಕಿಲ್ಲದವರನ್ನು ನೋಡಲು ಬಂಧುಗಳು ಬರುವರೆಂಬ ಪ್ರಶ್ನೆಯೇ ಅಲ್ಲಿ ಏಳುವಂತಿರಲಿಲ್ಲ. ಆಶ್ರಮ ಎಂದೊಡನೆ ಇಂದಿಗೂ ನಮ್ಮ ಜನ ದನಿ ತಗ್ಗಿಸುವುದು ಈ ಹಳೆಯ ನೆನಪಿನಿಂದಲೇ ಇರಬೇಕು. ಹಣ ತೆತ್ತು, ಬಂಧುಗಳಿದ್ದೂ, ಅಲ್ಲಿರುವವರನ್ನು ಕೂಡ ಊರು ‘ದಿಕ್ಕಿಲ್ಲದವರು’ ಎಂದೇ ಎಣಿಸುತ್ತದೆ. ಇದಕ್ಕೆ ವಾನಪ್ರಸ್ಥದ ಮಾತು ತಂದು ಸಮಾಧಾನ ಹೇಳುವವರೂ ಇದ್ದಾರೆ. ಕಾಡಿಗೆ ಹೋದವರು ತಾವಾಗಿ ಹೋದವರು. ಅವರ ಪರವಾಗಿ ಮಕ್ಕಳು ಫಾರಮು ತುಂಬಲಿಲ್ಲ.

ಕಾನೂನು ಕೂಡ ಹಣದ ಲೆಕ್ಕವನ್ನೇ ಹಿಡಿಯಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನ, 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣ, ಇವೆರಡೂ ತಂದೆತಾಯಿಗಳ ಜೀವನಾಂಶವನ್ನು ಮಕ್ಕಳ ಹೊಣೆ ಮಾಡಿದುವು. ಮದುವೆಯಾದ ಮಗಳಿಗೂ ಈ ಹೊಣೆ ತಪ್ಪದೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 2007ರ ಪಾಲನೆ ಪೋಷಣೆಯ ಶಾಸನ ಇನ್ನೂ ಮುಂದೆ ಹೋಗಿ, ಮಕ್ಕಳಿಲ್ಲದವರ ಆಸ್ತಿಗೆ ವಾರಸರಾಗತಕ್ಕ ಬಂಧುಗಳನ್ನೂ ಹೊಣೆಯೊಳಗೆ ತಂದಿತು. ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನೂ ಇಟ್ಟಿತು. ಹೋಗಿ ನೋಡಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಚೀನಾ ದೇಶದವರು ಅದನ್ನೂ ಮಾಡಿ ನೋಡಿದರು. ದೂರದಲ್ಲಿರುವ ಮಕ್ಕಳು ಹಿರಿಯರನ್ನು ಆಗಾಗ ಹೋಗಿ ಕಾಣಬೇಕು, ಇಲ್ಲವೆ ಕ್ಷೇಮ ವಿಚಾರಿಸಬೇಕೆಂಬ ನಿಯಮ ಅಲ್ಲಿ 2013ರ ಜುಲೈ 1ರಿಂದ ಜಾರಿಗೆ ಬಂತು. ವೂಷಿ ನಗರದ ನ್ಯಾಯಾಲಯವೊಂದು ಮಗಳು ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ನೋಡಬೇಕೆಂದು ಆಜ್ಞೆ ಮಾಡಿತು. ಅಂಥ ಆಜ್ಞೆ ಹಿಡಿದು ಬಂದ ಮಗಳಿಗೂ ತಾಯಿಗೂ ಏನು ಮಾತು ನಡೆದೀತೆಂದು ನಾವು ಊಹಿಸಲಾರೆವು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ದೊಡ್ಡಮ್ಮ ಮಕ್ಕಳಿಲ್ಲದವರು. ಕುಟುಂಬದ ಮನೆ ಪಾಲಾದ ಮೇಲೆ ಕೆಲಕಾಲ ಒಬ್ಬರೇ ಇದ್ದು, ಬಚ್ಚಲಲ್ಲಿ ಜಾರಿ ಬಿದ್ದ ಬಳಿಕ, ಕರಾವಳಿಯ ಪಟ್ಟಣವೊಂದರ ಆಶ್ರಮಕ್ಕೆ ಸೇರಿದರು. ಸೇರಿಸಿದವರು ನಾವು. ಮುಂಬಯಿಯ ಎರಡು ಕೋಣೆಯ ಮನೆ, ಲಿಫ್ಟಿಲ್ಲದ ಮೂರನೆಯ ಮಾಳಿಗೆ ಎಂಬ ಕಾರಣಗಳನ್ನು ಅಂದೂ ಹೇಳಿದೆವು, ಅವು ಸುಳ್ಳಲ್ಲ. ತಿಂಗಳ ಹಣ ಬ್ಯಾಂಕಿನಿಂದ ತಾನಾಗಿಯೇ ಹೋಗುವಂತೆ ಏರ್ಪಾಟು ಮಾಡಿ, ಒಂದು ಭಾರ ಇಳಿಯಿತೆಂದುಕೊಂಡೆವು. ಮೇ ತಿಂಗಳ ರಜೆಯಲ್ಲಿ ಹೋದಾಗ ನೋಡಿದರೆ ದೊಡ್ಡಮ್ಮ ಮೊದಲಿನ ಕೋಣೆಯಲ್ಲಿರಲಿಲ್ಲ. ಬೇರೆ ಕೋಣೆಗೆ ಕಳುಹಿಸಿ ನಾಲ್ಕು ತಿಂಗಳಾಗಿತ್ತು. ಕಿವಿಯ ಯಂತ್ರ ಕೆಟ್ಟು ಅಷ್ಟೇ ಕಾಲವಾಗಿತ್ತು. ಫೋನಿನಲ್ಲಿ ನಾವು ಏನು ಕೇಳಿದರೂ ‘ಹೂಂ, ಚೆನ್ನಾಗಿದ್ದೇನೆ’ ಎಂದು ಅವರು ಹೇಳುತ್ತಿದ್ದುದು, ನಾವು ಕೇಳಿದ್ದು ಕೇಳಿಸದೆ. ಹಣ ಮಾತ್ರ ಒಂದು ದಿನವೂ ತಡವಾಗಿರಲಿಲ್ಲ. ಪ್ರತಿ ತಿಂಗಳೂ ‘ಪಾವತಿಯಾಯಿತು’ ಎಂದು ನಮ್ಮ ಫೋನಿಗೆ ಸಂದೇಶ ಬರುತ್ತಿತ್ತು. ಅದರಲ್ಲಿ ಹೆಬ್ಬೆಟ್ಟಿನ ಗುರುತು ಇರುವುದಿಲ್ಲವಷ್ಟೆ. ಆಶ್ರಮದವರು ನಮಗೆ ಹೇಳಬೇಕಾಗಿತ್ತು, ದಿಟ. ನಾವು ಕೇಳಬೇಕಾಗಿತ್ತು ಎಂಬುದು ಅದಕ್ಕಿಂತ ದಿಟ.

ಅಂದು ನಾವು ಒಯ್ದ ಹಣ್ಣಿನ ಬುಟ್ಟಿಯನ್ನು ಅವರು ಬದಿಗಿಟ್ಟರು. ಅವರ ಮುಖದಲ್ಲಿದ್ದುದು ಬೇಸರವಲ್ಲ, ನಾಚಿಕೆ. “ಬಂದವರಿಗೆ ಬೆಲ್ಲ ನೀರು ಕೊಡಲಿಕ್ಕೂ ನನ್ನ ಹತ್ತಿರ ಏನೂ ಇಲ್ಲವಲ್ಲ, ಮಗಾ” ಎಂದರು. ಎಂಬತ್ತು ವರ್ಷ ಜಗಲಿಗೆ ಬಂದವರಿಗೆಲ್ಲ ಮೊದಲು ಬೆಲ್ಲ ನೀರು ಕೊಟ್ಟ ಕೈ ಅದು.

ಅಮೆರಿಕದ ಆರಿಗನ್ ಸಂಸ್ಥಾನದ ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆಯ ಕತೆ ಇಲ್ಲಿ ನೆನಪಾಗುತ್ತದೆ. ಆಕೆಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ಐವತ್ತೈದರ ತಾಯಿ ಲಕ್ವ ಹೊಡೆದು ಶುಶ್ರೂಷಾಲಯ ಸೇರಬೇಕಾಯಿತು. ತಾಯಿ ಬಯಸಿದ್ದು ಹೆಚ್ಚೇನಲ್ಲ: ಒಂದು ಚಿಕ್ಕ ಕೋಣೆ, ಅದಕ್ಕೊಂದು ಪುಟ್ಟ ಅಡಿಗೆಯ ಮೂಲೆ, ತನ್ನ ಸಾಮಾನು, ತನ್ನ ಬೆಕ್ಕು, ತಾನೇ ಹಾಕಿಕೊಳ್ಳಬಹುದಾದ ಚಿಲಕ. ಮಗಳು ಓದಿ ದೊಡ್ಡವಳಾಗಿ 1983ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಅಂಥ 112 ಮನೆಗಳ ಕಟ್ಟಡವನ್ನೇ ತೆರೆದಳು. ಇಂದು ನಮ್ಮ ಪೇಟೆಗಳಲ್ಲಿಯೂ ಜಾಹೀರಾತಾಗುತ್ತಿರುವ ‘ಅಸಿಸ್ಟೆಡ್ ಲಿವಿಂಗ್’, ಎಂದರೆ ನೆರವಿನ ವಾಸ, ಎಂಬುದರ ಮೊದಲುಗಳಲ್ಲಿ ಇದೊಂದು. ಬಾಗಿಲಿಗೆ ಒಳಗಿನಿಂದ ಚಿಲಕವಿದ್ದರೆ ಹೊರಗಿನಿಂದ ಬರುವವನು ತಟ್ಟಬೇಕು. ಆಗ ಅವನು ಅತಿಥಿ, ಒಳಗಿರುವವಳು ಮನೆಯೊಡತಿ. ಆ ಹೆಸರಿನಲ್ಲಿ ನಮ್ಮಲ್ಲಿ ಕಟ್ಟುವ ಕಟ್ಟಡಗಳಲ್ಲಿ ಅಮೃತಶಿಲೆ, ಹೂದೋಟ ಎಲ್ಲ ಇರುತ್ತವೆ. ಚಿಲಕ ಯಾವ ಕಡೆ ಇದೆಯೆಂದು ಮೊದಲು ನೋಡಬೇಕು.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿದಾಗ ಆಶ್ರಮವೂ ಹಾಕಿತು. ಹಲವು ತಿಂಗಳು ನಾವು ದೊಡ್ಡಮ್ಮನನ್ನು ಕಂಡದ್ದು ಆಯಾ ಹಿಡಿದ ಫೋನಿನಲ್ಲಿ: ಹಣೆಯ ಅರ್ಧ, ಮೇಲೆ ತಿರುಗುವ ಫ್ಯಾನು. ಆ ಆಯಾ ಬಡಗಣ ಕರ್ನಾಟಕದ ಹುಡುಗಿ. ತನ್ನ ತಾಯಿಯನ್ನು ಊರಿನಲ್ಲಿ ಬಿಟ್ಟು ಬಂದು, ತಿಂಗಳು ತಿಂಗಳೂ ಫೋನಿನಲ್ಲೇ ಹಣ ಕಳುಹಿಸುವವಳು. ಅಜ್ಜಿಗೆ ಹೊಸ ಹಲ್ಲು ಸರಿಹೋಗುತ್ತಿಲ್ಲವೆಂದು, ಇರುಳು ಯಾರನ್ನೋ ಕರೆಯುತ್ತಾರೆಂದು, ನಾವು ಕೇಳದೆಯೇ ಹೇಳಿದವಳು ಅವಳು. ನಮ್ಮ ತಂದೆಯವರ ಕಾಲಕ್ಕೆ ಅಂಚೆಯವನಿದ್ದಂತೆ ನಮಗೆ ಆ ಹುಡುಗಿ. ಆಕೆಯ ಹೆಸರನ್ನು ಕೇಳುವುದಕ್ಕೆ ನಾವು ಎರಡು ತಿಂಗಳು ತೆಗೆದುಕೊಂಡೆವು.

ಆಶ್ರಮದ ಬಾಗಿಲಲ್ಲಿ ಭೇಟಿಯ ಪುಸ್ತಕವೊಂದಿದೆ: ಹೆಸರು, ಸಂಬಂಧ, ಬಂದ ಹೊತ್ತು, ಹೋದ ಹೊತ್ತು. ಬಾಗಿಲು ತೆರೆದ ಮೇಲೆ ಹೋದಾಗ ಅದರ ಹಿಂದಿನ ಹಾಳೆಗಳನ್ನು ತಿರುವಿದೆವು. ವರ್ಷಕ್ಕೊಂದು ಕಡೆ ನಮ್ಮ ಸಹಿ, ಮೇ ತಿಂಗಳಲ್ಲಿ. ಬಂದ ಹೊತ್ತಿಗೂ ಹೋದ ಹೊತ್ತಿಗೂ ನಡುವೆ ಮುಕ್ಕಾಲು ಗಂಟೆ. ಪಕ್ಕದ ಕೋಣೆಯ ಮುದುಕರ ಮಗನೊಬ್ಬ, ಅದೇ ಊರಿನ ರಿಕ್ಷಾದವನು, ವಾರಕ್ಕೆ ಮೂರು ಸಲ ಹತ್ತು ನಿಮಿಷ ಬಂದುಹೋಗಿದ್ದಾನೆ.

ಈಗ ನಾವು ಮೂರು ತಿಂಗಳಿಗೊಮ್ಮೆ ಹೋಗುತ್ತೇವೆ. ಭಾನುವಾರ ಸಂಜೆ ನಾಲ್ಕೂವರೆಗೆ ಫೋನು. ದೊಡ್ಡಮ್ಮನೇ ಹೆಚ್ಚು ಮಾತಾಡುತ್ತಾರೆ: ಊರಲ್ಲಿ ಯಾರು ತೀರಿಕೊಂಡರು, ಮಾಟುಂಗದಲ್ಲಿ ಮಲ್ಲಿಗೆಗೆ ಎಷ್ಟು. ಹಿಂದಿನ ಸಲ ಹೋದಾಗ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಬೆಲ್ಲ, ಎರಡು ಹಿತ್ತಾಳೆಯ ಲೋಟ ಒಯ್ದೆವು. ಇರುವೆ ಬರುತ್ತದೆಂದು ಮೇಲ್ವಿಚಾರಕಿ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಡಬ್ಬಿ ಖಾಲಿಯಾಗಿದೆ, ರಿಕ್ಷಾದ ಹುಡುಗನಿಗೂ ಕೊಡುತ್ತಿದ್ದೆ ಎಂದು ಕಳೆದ ಭಾನುವಾರ ದೊಡ್ಡಮ್ಮ ಹೇಳಿದರು.