ಡಬ್ಬಿಯಲ್ಲಿ ಮಲಗಿದ ತತ್ತಿ: ಉಪ್ಪುನೀರಿನ ಸೀಗಡಿಯ ಚರಿತ್ರೆ



ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಶಾಲೆಗಳಲ್ಲಿ ಚರಿತ್ರೆ ಎಂದ ಕೂಡಲೇ ಮಕ್ಕಳಿಗೆ ರಾಜರು, ಯುದ್ಧಗಳು ನೆನಪಾಗುತ್ತವೆ. ಸ್ವಲ್ಪ ದೊಡ್ಡ ಮಕ್ಕಳು 1956ರ ನವೆಂಬರ್ 1ನ್ನು ಹೇಳುತ್ತಾರೆ. ಅಂದು ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಈ ಚರಿತ್ರೆ ಮಕ್ಕಳಿಗೆ ಗೊತ್ತಿರಲೇಬೇಕು. ಆದರೆ ಮನೆಯ ಕಪಾಟಿನಲ್ಲಿರುವ ಒಂದು ಸಣ್ಣ ಡಬ್ಬಿಗೂ ಚರಿತ್ರೆ ಇರುತ್ತದೆ. ಇಂದು ಅಂಥದೊಂದನ್ನು ನೋಡೋಣ.

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರಿಗೆ ಒಂದು ತೊಂದರೆ ಗೊತ್ತು. ಮರಿಮೀನಿನ ಬಾಯಿ ಬಹಳ ಚಿಕ್ಕದು. ಎಷ್ಟೋ ಜಾತಿಯ ಮರಿಗಳು ಒಣ ಆಹಾರವನ್ನು ಮುಟ್ಟುವುದೇ ಇಲ್ಲ. ಕಣ್ಣೆದುರು ಅಲುಗಾಡುವ ಜೀವವೇ ಬೇಕು. ಅದಕ್ಕೆಂದೇ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ತತ್ತಿಗಳು ಡಬ್ಬಿಯಲ್ಲಿ ಮಾರಾಟಕ್ಕೆ ಬರುತ್ತವೆ. ನೋಡಲು ಚಹಾಪುಡಿಯ ಧೂಳಿನಂತೆ. 1 ಗ್ರಾಂನಲ್ಲಿ 2 ಲಕ್ಷಕ್ಕೂ ಹೆಚ್ಚು ತತ್ತಿಗಳಿರುತ್ತವೆ!

ಈ ತತ್ತಿ ಒಣಗಿದರೂ ಸಾಯುವುದಿಲ್ಲ. ಉಪ್ಪಿನ ಕೆರೆಯ ನೀರು ಬತ್ತಿ ಉಪ್ಪು ಹೆಚ್ಚಾದಾಗ ತಾಯಿ ಸೀಗಡಿ ಗಟ್ಟಿ ಸಿಪ್ಪೆಯ ತತ್ತಿ ಇಡುತ್ತದೆ. ಒಳಗಿನ ಜೀವ ಅಲ್ಲಿಯೇ ನಿಂತುಬಿಡುತ್ತದೆ. ವರ್ಷಗಳ ಮೇಲೆ ತಕ್ಕ ನೀರು ಸಿಕ್ಕರೆ ಮತ್ತೆ ಎಚ್ಚರವಾಗುತ್ತದೆ. 1972ರಲ್ಲಿ ಅಪೋಲೋ 16ರ ಜೊತೆ ಇಂಥ ತತ್ತಿಗಳು ಚಂದ್ರನವರೆಗೆ ಹೋಗಿ ಬಂದವು. ಆಮೇಲೆ ಅವುಗಳಲ್ಲಿ ಕೆಲವು ಮರಿಯೂ ಆದವು.

ಈ ಜೀವಿಯನ್ನು ಮೊದಲು ಬಲ್ಲವರು ಉಪ್ಪು ತೆಗೆಯುವ ಕೂಲಿಗಳು. ಇಂಗ್ಲೆಂಡಿನ ಲಿಮಿಂಗ್ಟನ್ ಎಂಬ ಊರಿನ ಉಪ್ಪಿನ ಆಗರಗಳಲ್ಲಿ ಇದನ್ನು 'ಉಪ್ಪುನೀರಿನ ಹುಳ' ಎನ್ನುತ್ತಿದ್ದರು. ಇದು ಇದ್ದರೆ ನೀರು ಬೇಗ ತಿಳಿಯಾಗುತ್ತದೆ ಎಂದು ಅವರು ನಂಬಿದ್ದರು. ನಂಬಿಕೆ ಸುಳ್ಳಲ್ಲ, ಏಕೆಂದರೆ ಅದು ನೀರಿನ ಪಾಚಿಯನ್ನು ಸೋಸಿ ತಿನ್ನುತ್ತದೆ. 1750ರ ದಶಕದಲ್ಲಿ ಶ್ಲೋಸರ್ ಎಂಬವರು ಅಲ್ಲಿಯೇ ಇದರ ಚಿತ್ರ ಬರೆದು ವಿವರಿಸಿದರು. 1758ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಆರ್ಟೀಮಿಯಾ ಎಂಬ ಹೆಸರು ಬಂದದ್ದು 1819ರಲ್ಲಿ.

ಆದರೆ ಇದು ಮರಿಮೀನಿನ ಊಟವಾದೀತೆಂದು ವಿಜ್ಞಾನಿಗಳು ತೋರಿಸಿಕೊಡಲು 1930ರ ದಶಕ ಬರಬೇಕಾಯಿತು. 1933ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಲ್ವಿನ್ ಸೀಲ್, 1939ರಲ್ಲಿ ನಾರ್ವೆಯ ಗುನ್ನಾರ್ ರೋಲೆಫ್ಸೆನ್ ಇದನ್ನು ಬರೆದು ತಿಳಿಸಿದರು.

ಮನೆಯಲ್ಲಿ ಮರಿ ಮಾಡುವುದು ಸುಲಭ. 1 ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಬೇಕು. ನಲ್ಲಿಯ ನೀರಾದರೆ ಒಂದು ರಾತ್ರಿ ಇಟ್ಟು ಬಳಸುವುದು ಒಳ್ಳೆಯದು. ಅದಕ್ಕೆ ಅರ್ಧ ಚಮಚದಷ್ಟು ತತ್ತಿ ಸಾಕು. ಸಣ್ಣ ಪಂಪಿನಿಂದ ಸದಾ ಗಾಳಿ ಆಡುತ್ತಿರಬೇಕು, ಬೆಳಕೂ ಇರಬೇಕು. ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ 24ರಿಂದ 36 ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಮರಿಗಳು ಕಾಣುತ್ತವೆ. ನಮ್ಮ ಕಡೆಯ ಚಳಿಗಾಲದಲ್ಲಿ ಇನ್ನೂ ತಡವಾಗುತ್ತದೆ. ಗಾಳಿ ನಿಲ್ಲಿಸಿ ಒಂದು ಬದಿಗೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನ ಕಡೆ ಸೇರುತ್ತವೆ, ಖಾಲಿ ಸಿಪ್ಪೆಗಳು ಮೇಲೆ ತೇಲುತ್ತವೆ. ಸಿಪ್ಪೆ ಬಾರದಂತೆ ಮರಿಗಳನ್ನು ಕೊಳವೆಯಿಂದ ಎಳೆದು, ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೂಡಲೇ ಮೀನಿಗೆ ಹಾಕಬೇಕು. ಸಿಹಿನೀರಿನಲ್ಲಿ ಅವು ಕೆಲವೇ ಗಂಟೆ ಬದುಕುತ್ತವೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿ.

ಇಷ್ಟು ಸುಲಭವಾದ ಮೇಲೆ ವ್ಯಾಪಾರ ಬೆಳೆಯಿತು. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಗರಗಳಿಂದಲೂ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪಿನ ಸರೋವರದಿಂದಲೂ ತತ್ತಿಗಳನ್ನು ಬಾಚಿ ಮಾರತೊಡಗಿದರು. ಮೊದಲು ಕೊಂಡವರು ಅಕ್ವೇರಿಯಂ ಹವ್ಯಾಸಿಗಳು. ಆಮೇಲೆ ಮೀನು, ಸೀಗಡಿ ಮರಿ ಮಾಡುವ ಕೇಂದ್ರಗಳೂ ಕೊಂಡವು. 1970ರ ದಶಕದಲ್ಲಿ ತತ್ತಿಯ ಕೊರತೆಯಾಗಿ ಬೆಲೆ ಏರಿತು. ಆಗ ಬೇರೆ ದೇಶಗಳ ಆಗರಗಳಿಗೂ ಅಮೆರಿಕದ ತಳಿಯನ್ನು ಬಿಟ್ಟರು. 1977ರಲ್ಲಿ ಬ್ರೆಜಿಲ್, 1980ರ ದಶಕದಲ್ಲಿ ವಿಯೆಟ್ನಾಂ. ವಿಯೆಟ್ನಾಮಿನ ಬಡ ಉಪ್ಪಿನ ರೈತರಿಗೆ ಇದರಿಂದ ಇನ್ನೊಂದು ಆದಾಯ ಸಿಕ್ಕಿತು.

ನಮ್ಮ ದೇಶದಲ್ಲಿ ಇದರ ಬಂಧುಗಳು ಇರಲಿಲ್ಲವೇ? ಇದ್ದವು. 1953ರಲ್ಲಿ ಸಿ.ವಿ. ಕುಲಕರ್ಣಿಯವರು ಮುಂಬೈಯ ವಡಾಲಾ ಆಗರಗಳಲ್ಲಿ ಇದನ್ನು ಕಂಡು ಪ್ರಕಟಿಸಿದರು. 1958ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಿಂದಲೂ ವರದಿ ಬಂತು. ತಮಿಳುನಾಡಿನ ತೂತುಕುಡಿಯ ಆಗರಗಳಲ್ಲಿದ್ದದ್ದು ಗಂಡಿಲ್ಲದೆ ಹೆಣ್ಣೇ ಸಂತಾನ ಬೆಳೆಸುವ ತಳಿ. ಆದರೆ ಹೊರಗಿನಿಂದ ಬಂದ ಅಮೆರಿಕದ ತಳಿ ಅಲ್ಲಿಯೂ ಸೇರಿಕೊಂಡು ನಮ್ಮ ತಳಿಯನ್ನು ಹಿಂದೆ ತಳ್ಳಿತು ಎಂದು 2012ರ ಹೊತ್ತಿಗೆ ವಿಜ್ಞಾನಿಗಳು ತೋರಿಸಿದರು. ವಿಯೆಟ್ನಾಮಿನಲ್ಲಿ ಅನ್ನ ಕೊಟ್ಟ ತಳಿಯೇ ಇಲ್ಲಿ ಸ್ಥಳೀಯ ಜೀವಕ್ಕೆ ಕುತ್ತಾಯಿತು. ಎರಡೂ ನಿಜ, ಎರಡನ್ನೂ ಮಕ್ಕಳಿಗೆ ಹೇಳಬೇಕು.

ಇನ್ನು ತವರಿನ ಸಂಗತಿ. ಗ್ರೇಟ್ ಸಾಲ್ಟ್ ಲೇಕಿಗೆ ಹರಿದು ಬರುವ ನದಿಗಳ ನೀರು ಹೊಲಗಳಿಗೆ, ಊರುಗಳಿಗೆ ತಿರುಗಿತು, ಬರವೂ ಕಾಡಿತು. 2022ರ ನವೆಂಬರ್‌ನಲ್ಲಿ ಸರೋವರದ ಮಟ್ಟ ದಾಖಲೆಯಲ್ಲೇ ಅತಿ ಕೆಳಗೆ ಇಳಿಯಿತು. ಉಪ್ಪು ಎಷ್ಟು ಗಟ್ಟಿಯಾಯಿತೆಂದರೆ ಉಪ್ಪಿನಲ್ಲೇ ಬದುಕುವ ಸೀಗಡಿಗೂ ಕಷ್ಟವಾಗುವ ಮಟ್ಟ ಮುಟ್ಟಿತು. ಇದೇ ಕುಲದ ಇನ್ನೊಂದು ತವರಾದ ಇರಾನಿನ ಉರ್ಮಿಯಾ ಸರೋವರವೂ ಬಹುಪಾಲು ಒಣಗಿದೆ. ತತ್ತಿ ಎಷ್ಟೋ ವರ್ಷ ಕಾಯಬಲ್ಲದು. ಆದರೆ ಅದು ಕಾಯುವುದು ನೀರಿಗಾಗಿ, ನೀರೇ ಬಾರದಿದ್ದರೆ?

ಶಿಕ್ಷಕ ಬಂಧುಗಳೇ, ಶಾಲೆಯಲ್ಲಿ ಒಮ್ಮೆ ಈ ಪ್ರಯೋಗ ಮಾಡಿ. ಪಕ್ಕದಲ್ಲಿ ಜಗತ್ತಿನ ನಕ್ಷೆ ತೂಗುಹಾಕಿ ಲಿಮಿಂಗ್ಟನ್, ಯೂಟಾ, ತೂತುಕುಡಿ, ಉರ್ಮಿಯಾ ಎಲ್ಲಿವೆ ಎಂದು ಮಕ್ಕಳಿಂದಲೇ ಗುರುತು ಹಾಕಿಸಿ. ನಮ್ಮ ಮಂಜೀರಾ, ಕಾಗಿಣಾ ನದಿಗಳ ಸಿಹಿನೀರಿನಲ್ಲಿ ಈ ಸೀಗಡಿ ಬದುಕದು. ಆದರೆ ಸಾಕಿದ ಮೀನು ಬದುಕೀತು. ಬೇಡವಾದ ಮೀನನ್ನು ಕೆರೆಗೆ ಬಿಡಬಾರದೆಂದು ಅದೇ ತರಗತಿಯಲ್ಲಿ ಹೇಳಿ. ತೂತುಕುಡಿಯ ಕಥೆ ಕೇಳಿದ ಮಕ್ಕಳಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ.