ಬಸಿರಲ್ಲೇ ಕಂಡ ಕಿಡ್ನಿ ಊತ: ಕತ್ತರಿಯಿಂದ ಕಾಯುವಿಕೆಯವರೆಗೆ

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ 'ಮಗುವಿನ ಕಿಡ್ನಿಯಲ್ಲಿ ನೀರು ತುಂಬಿದೆ' ಎಂದು ಹೇಳಿಸಿಕೊಂಡ ಮನೆಯಲ್ಲಿ ಹೆರಿಗೆಯವರೆಗೂ ನೆಮ್ಮದಿಯಿರುವುದಿಲ್ಲ. ಆ ನೀರು ಮಗುವಿನದೇ ಮೂತ್ರ. ನೂರು ಬಸಿರುಗಳಲ್ಲಿ ಒಂದರಿಂದ ಐದರಷ್ಟರಲ್ಲಿ ಇದು ಕಾಣುತ್ತದೆ. ಬಹುಪಾಲು ಊತ ತಾನಾಗಿ ಇಳಿಯುತ್ತದೆ. ಈ ಕೊನೆಯ ಮಾತನ್ನು ಧೈರ್ಯವಾಗಿ ಹೇಳಲು ವೈದ್ಯರಿಗೆ ಬಹಳ ಕಾಲ ಹಿಡಿಯಿತು.

ಮೊದಲು ಬಂದದ್ದು ಯಂತ್ರ. ಗ್ಲಾಸ್ಗೊದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯೊಳಗನ್ನು ಶಬ್ದತರಂಗದಿಂದ ನೋಡುವ ಬಗೆಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರಿಸಿದರು. 1970ರಲ್ಲಿ ಆಸ್ಟ್ರೇಲಿಯದ ವಿಲಿಯಂ ಗ್ಯಾರೆಟ್ ತಂಡ ಗರ್ಭದಲ್ಲಿದ್ದ ಮಗುವಿನ ಕಿಡ್ನಿ ದೋಷವೊಂದನ್ನು ವರದಿ ಮಾಡಿತು. ಅಲ್ಲಿಯತನಕ ಜ್ವರ, ಮೂತ್ರದ ಸೋಂಕು ಅಥವಾ ಹೊಟ್ಟೆಯಲ್ಲಿ ಗಂಟು ಎಂದು ಬಂದ ಮಕ್ಕಳಲ್ಲಷ್ಟೇ ಕಿಡ್ನಿ ಊತ ಪತ್ತೆಯಾಗುತ್ತಿತ್ತು. ಹಾಗಾಗಿ ವೈದ್ಯರಿಗೆ ಪರಿಚಯವಿದ್ದದ್ದು ಕೆಟ್ಟ ಕಿಡ್ನಿಗಳು ಮಾತ್ರ. ಸ್ಕ್ಯಾನ್‌ನಲ್ಲಿ ಕಂಡ ಊತವೂ ಅದೇ ಕಾಯಿಲೆ ಎಂದುಕೊಂಡದ್ದು ಸಹಜವೇ. ಕಿಡ್ನಿಗೆ ಮೂತ್ರನಾಳ ಕೂಡುವಲ್ಲಿನ ಇಕ್ಕಟ್ಟನ್ನು ಕತ್ತರಿಸಿ ಮತ್ತೆ ಜೋಡಿಸುವ ಆಂಡರ್ಸನ್–ಹೈನ್ಸ್ ಶಸ್ತ್ರಚಿಕಿತ್ಸೆ 1949ರಿಂದಲೇ ಕೈಯಲ್ಲಿತ್ತು. ಆರೋಗ್ಯವಾಗಿ ಹಾಲು ಕುಡಿಯುತ್ತಿದ್ದ ಕೂಸುಗಳೂ ಆಪರೇಷನ್ ಟೇಬಲ್ ಏರಿದವು.

1990ರ ಸುಮಾರಿಗೆ ಲಂಡನ್ನಿನ ಫಿಲಿಪ್ ರಾನ್ಸ್‌ಲಿ, ಅಮೆರಿಕದ ಸ್ಟೀಫನ್ ಕಾಫ್ ಅವರಂಥವರು ಕತ್ತರಿ ಕೆಳಗಿಟ್ಟು ಮಕ್ಕಳನ್ನು ಗಮನಿಸುತ್ತ ಹೋದರು. ವಿಕಿರಣಶೀಲ ವಸ್ತು ಚುಚ್ಚಿ ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತದೆಂದು ಅಳೆಯುವ ರೀನೋಗ್ರಾಂ ಅವರ ನೆರವಿಗಿತ್ತು. ಊದಿಕೊಂಡ ಅನೇಕ ಕಿಡ್ನಿಗಳು ಸರಿಯಾಗೇ ಕೆಲಸ ಮಾಡುತ್ತಿದ್ದವು! ಹೀಗೆ ಕಾದು ನೋಡಲು ಕಲಿತದ್ದೇ ಈ ಕ್ಷೇತ್ರದ ದೊಡ್ಡ ಸಾಧನೆ ಎಂಬುದು ನನ್ನ ಎಣಿಕೆ, ಹೊಸ ಉಪಕರಣಗಳಲ್ಲ.

ಗರ್ಭದೊಳಗೇ ಸರಿಪಡಿಸುವ ಸಾಹಸದ ಕಥೆ ಬೇರೆ. ಮೂತ್ರಕೋಶದ ಕೆಳಗೆ ತಡೆಯಿದ್ದರೆ ಎರಡೂ ಕಿಡ್ನಿಗಳಿಗೆ ಪೆಟ್ಟು. ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ನೀರು ಬತ್ತಿ ಶ್ವಾಸಕೋಶವೂ ಬೆಳೆಯದು. 1981ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊದ ಮೈಕೆಲ್ ಹ್ಯಾರಿಸನ್ ಗರ್ಭಕೋಶ ತೆರೆದು ಇದಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ಸೂಜಿಯ ಮೂಲಕ ಮಗುವಿನ ಮೂತ್ರಕೋಶಕ್ಕೆ ಸಣ್ಣ ಕೊಳವೆ ಇಳಿಸುವ ವಿಧಾನವೂ ಬಂತು. ಅದನ್ನು ಒರೆಗೆ ಹಚ್ಚಿದ 'ಪ್ಲೂಟೊ' ಅಧ್ಯಯನ 31 ಗರ್ಭಿಣಿಯರಿಗೇ ನಿಂತುಹೋಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ: ಕೊಳವೆಯಿಂದ ಬದುಕುಳಿಯುವ ಸಾಧ್ಯತೆ ಹೆಚ್ಚಿದಂತೆ ಕಂಡರೂ, ಎರಡು ವರ್ಷದ ಹೊತ್ತಿಗೆ ಕಿಡ್ನಿ ಸರಿಯಿದ್ದ ಮಕ್ಕಳು ಇಬ್ಬರೇ. ಈ ತಡೆಗೆ ಮುಖ್ಯ ಕಾರಣವಾದ, ಮೂತ್ರ ಹೊರಬರುವ ದಾರಿಯಲ್ಲಿನ ಕವಾಟದ ದೋಷ ಬರುವುದು ಗಂಡುಮಕ್ಕಳಿಗೆ ಮಾತ್ರ. ಭ್ರೂಣದ ಲಿಂಗ ಹೇಳುವುದನ್ನು 1994ರ ಕಾಯ್ದೆ ನಿಷೇಧಿಸಿರುವ ನಮ್ಮಲ್ಲಿ, ಅನುಮಾನವನ್ನು ತಂದೆತಾಯಿಗೆ ವಿವರಿಸುವಾಗ ವೈದ್ಯರು ಮಾತು ತೂಗಿ ಆಡಬೇಕು.

ಅಳತೆಗೂ ಒಮ್ಮತ ಬಂದದ್ದು ತಡವಾಗಿ. 1993ರಲ್ಲಿ ಊತಕ್ಕೆ ದರ್ಜೆಗಳಾದವು. 2014ರಲ್ಲಿ ಅಮೆರಿಕದ ಹಲವು ತಜ್ಞ ಸಂಘಗಳು ಸೇರಿ ಏಕರೂಪದ ವರ್ಗೀಕರಣ ತಂದವು. ಕಿಡ್ನಿಯ ಮೂತ್ರ ಸೇರುವ ಭಾಗದ ಹಿಂದುಮುಂದಿನ ಅಗಲ 28 ವಾರಕ್ಕೆ ಮುನ್ನ 4 ಮಿ.ಮೀ., ಅನಂತರ 7 ಮಿ.ಮೀ. ಮುಟ್ಟಿದರೆ ಗಮನ ಬೇಕು. ಭಾರತದ ಮಕ್ಕಳ ಕಿಡ್ನಿ ತಜ್ಞರ ಪರಿಷ್ಕೃತ ಮಾರ್ಗಸೂಚಿ 2013ರದು.

ಹುಟ್ಟಿದ ಮೊದಲೆರಡು ದಿನ ಮಗು ಮೂತ್ರ ಮಾಡುವುದೇ ಕಡಿಮೆ. ಆಗ ನೋಡಿದರೆ ಊತ ಮರೆಯಾಗಿರಬಹುದು. ಆದ್ದರಿಂದ ತೀವ್ರ ತಡೆಯ ಶಂಕೆಯಿಲ್ಲದಿದ್ದರೆ ಮೂರರಿಂದ ಏಳನೇ ದಿನದೊಳಗೆ ಸ್ಕ್ಯಾನ್ ಮಾಡಿಸುತ್ತಾರೆ. ಅಷ್ಟರಲ್ಲಿ ಬಾಣಂತಿ ಮನೆಗೆ ಹೋಗಿಯಾಗಿರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಾದರೆ, ಐದನೇ ತಿಂಗಳ ವರದಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುವುದೂ ಉಂಟು. ತಾಯಿ ಕಾರ್ಡಿನ ಜೊತೆ ಆ ವರದಿಯೂ ಊರಿಗೆ ಬಂದರೆ, ಮಗುವಿನ ವೈದ್ಯರಿಗೆ ಹೋಲಿಸಲು ಹಳೆಯ ಅಳತೆ ಸಿಗುತ್ತದೆ.